ಮೊದಲ ಎರಡು ನಿಮಿಷ

‘ಏನಾಗ್ತಿದೆ?’ ಎಂದು ಡಾಕ್ಟರು ಕೇಳಿದ ಮೇಲೆ ರೋಗಿಗೆ ಎಷ್ಟು ಹೊತ್ತು ಮಾತಾಡಲು ಸಿಗುತ್ತದೆ? ಹೊವರ್ಡ್ ಬೆಕ್‌ಮನ್ ಮತ್ತು ರಿಚರ್ಡ್ ಫ್ರಾಂಕೆಲ್ ಎಂಬ ಇಬ್ಬರು ಅಮೆರಿಕದಲ್ಲಿ 74 ಭೇಟಿಗಳ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು ಇದನ್ನು ಅಳೆದು ನೋಡಿದರು. 1984ರಲ್ಲಿ ಪ್ರಕಟವಾದ ಅವರ ಉತ್ತರ: ಸರಾಸರಿ 18 ಸೆಕೆಂಡು. ಅಷ್ಟರೊಳಗೆ ವೈದ್ಯರು ನಡುವೆ ಬಾಯಿ ಹಾಕಿರುತ್ತಿದ್ದರು. ಹೇಳಬೇಕೆಂದು ಬಂದದ್ದನ್ನು ಮೊದಲ ಸುತ್ತಿನಲ್ಲೇ ಪೂರ್ತಿ ಹೇಳಿ ಮುಗಿಸಿದವರು ನಾಲ್ವರಲ್ಲಿ ಒಬ್ಬರೂ ಇರಲಿಲ್ಲ. ಮಾತು ತುಂಡಾದ ಭೇಟಿಗಳಲ್ಲಿ ರೋಗಿಗೆ ಬಿಟ್ಟ ಜಾಗದಿಂದ ಮುಂದುವರಿಸಿ ಮುಗಿಸುವ ಅವಕಾಶ ಸಿಕ್ಕಿದ್ದು ಒಂದೇ ಒಂದರಲ್ಲಿ. 15 ವರ್ಷಗಳ ನಂತರ, 1999ರಲ್ಲಿ, ಬೆಕ್‌ಮನ್ ಅವರೂ ಇದ್ದ ಇನ್ನೊಂದು ತಂಡ ಮತ್ತೆ ಅಳೆದಾಗ 18 ಸೆಕೆಂಡು 23 ಆಗಿತ್ತು. ಅದನ್ನು ಪ್ರಗತಿ ಎನ್ನುವುದಾದರೆ ಎನ್ನಬಹುದು. ಈ ವೈದ್ಯರು ಒರಟರಾಗಿರಲಿಲ್ಲ, ರೋಗಿಗಳ ಬಗ್ಗೆ ತಾತ್ಸಾರವಿದ್ದವರೂ ಅಲ್ಲ. ಅವರು ನಡುವೆ ಬಾಯಿ ಹಾಕಿದ್ದು ಬಹುಪಾಲು ರೋಗದ ಬಗ್ಗೆಯೇ ಪ್ರಶ್ನೆ ಕೇಳಲು. ನನಗೆ ಕುತೂಹಲ ಹುಟ್ಟಿಸುವುದು ಇದೇ ಸಂಗತಿ. ಇನ್ನೊಬ್ಬರ ಮಾತಿಗೆ ಕಿವಿಗೊಡುವುದೆಂದರೆ ಸೌಜನ್ಯ, ತಾಳ್ಮೆ, ಒಳ್ಳೆಯತನ ಎಂದೆಲ್ಲ ನಾವು ತಿಳಿದಿದ್ದೇವೆ. ಆಸ್ಪತ್ರೆಯ ಕೋಣೆಯಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿದರೆ ಅದು ಸ್ವಭಾವಕ್ಕಿಂತ ಹೆಚ್ಚಾಗಿ ಕೆಲಸ. ಇಂಜೆಕ್ಷನ್ ಕೊಡುವುದನ್ನು ಕಲಿತ ಹಾಗೆಯೇ ಕಲಿಯಬೇಕಾದ, ಕಲಿಯದಿದ್ದರೆ ಕೆಡುವ ಕೆಲಸ.

ಕೆಡುವುದು ಹೇಗೆ ಎಂಬುದಕ್ಕೆ ನಮ್ಮಲ್ಲಿ ಎಲ್ಲಿ ಬೇಕಾದರೂ ನಡೆಯಬಹುದಾದ ಒಂದು ಮಾತುಕತೆ ಊಹಿಸಿಕೊಳ್ಳಿ. ಐವತ್ತು ದಾಟಿದವರೊಬ್ಬರು ಬಂದು ಕೂರುತ್ತಾರೆ. ‘ಡಾಕ್ಟ್ರೇ, ನಾಲ್ಕು ದಿನದಿಂದ ಗ್ಯಾಸ್ಟ್ರಿಕ್ಕು. ಎದೆಯಲ್ಲಿ ಹಿಡಿದ ಹಾಗಾಗುತ್ತೆ...’ ಇಷ್ಟಕ್ಕೇ ಪ್ರಶ್ನೆ ಬೀಳುತ್ತದೆ: ‘ಖಾರ ಜಾಸ್ತಿ ತಿಂತೀರಾ? ಹೊತ್ತು ಹೊತ್ತಿಗೆ ಊಟ ಮಾಡ್ತೀರಾ?’ ರೋಗಿ ಉತ್ತರ ಕೊಡುತ್ತಾರೆ, ಕೇಳಿದ್ದಕ್ಕಷ್ಟೇ ಕೊಡುತ್ತಾರೆ. ಆ್ಯಂಟಾಸಿಡ್ ಬರೆದಾಗುತ್ತದೆ. ತುಂಡಾಗದೆ ಹೋಗಿದ್ದರೆ ಅವರ ಮೂರನೆಯ ವಾಕ್ಯ ಹೀಗಿರುತ್ತಿತ್ತು: ‘ಮನೆ ಮೆಟ್ಟಿಲು ಹತ್ತುವಾಗ ಬರುತ್ತೆ, ಸ್ವಲ್ಪ ನಿಂತ್ರೆ ಹೋಗುತ್ತೆ.’ ಊಟಕ್ಕೂ ಆ ನೋವಿಗೂ ಸಂಬಂಧವಿಲ್ಲದಿರಬಹುದು, ಹೃದಯದ ರಕ್ತನಾಳದತ್ತ ಬೊಟ್ಟು ಮಾಡುವ ಲಕ್ಷಣ ಅದು ಎಂದು ಅನುಭವಿ ವೈದ್ಯರಿಗೆ ಆ ಒಂದು ವಾಕ್ಯವೇ ಹೇಳುತ್ತಿತ್ತು. ಗ್ಯಾಸ್ಟ್ರಿಕ್ ಎಂಬುದು ನಮ್ಮ ಜನ ಹೊಟ್ಟೆಯಿಂದ ಗಂಟಲಿನವರೆಗಿನ ಯಾವ ಸಂಕಟಕ್ಕೂ ಇಟ್ಟಿರುವ ಹೆಸರು. ರೋಗಿ ಅದನ್ನು ಹೇಳಿದಾಗ ವೈದ್ಯರಿಗೆ ಸಿಕ್ಕಿದ್ದು ರೋಗದ ಹೆಸರಲ್ಲ, ರೋಗಿಯ ಅಂದಾಜು. ಬೆಕ್‌ಮನ್ ಮತ್ತು ಫ್ರಾಂಕೆಲ್ ಕಂಡುಕೊಂಡ ಇನ್ನೊಂದು ಮುಖ್ಯ ವಿಷಯವೂ ಇದಕ್ಕೇ ಸಂಬಂಧಿಸಿದ್ದು. ಮೊದಲು ಹೇಳಿದ ದೂರೇ ಅತಿ ಮುಖ್ಯವಾದದ್ದು ಎಂದು ವೈದ್ಯರು ಎಣಿಸುತ್ತಾರೆ, ಆದರೆ ರೋಗಿಗಳು ಆ ಕ್ರಮದಲ್ಲಿ ಹೇಳುವುದಿಲ್ಲ. ಹೇಳಲು ಸುಲಭವಾದದ್ದು ಮೊದಲು ಬರುತ್ತದೆ. ಭಯ ಹುಟ್ಟಿಸಿದ್ದು, ನಾಚಿಕೆಯದ್ದು, ಮನೆಯ ಜಗಳಕ್ಕೆ ಅಂಟಿಕೊಂಡದ್ದು ಕೊನೆಗೆ, ಎಷ್ಟೋ ಸಲ ಚೀಟಿ ಕೈಗೆ ಬಂದು ಎದ್ದು ನಿಂತ ಮೇಲೆ, ‘ಇನ್ನೊಂದು ಮಾತು ಡಾಕ್ಟ್ರೇ’ ಎಂದು ಹೊರಬರುತ್ತದೆ. ಅಷ್ಟರಲ್ಲಿ ಮುಂದಿನ ನಂಬರು ಕೂಗಿಯಾಗಿರುತ್ತದೆ.

‘ಈಗ ಕಾಲ ಬದಲಾಗಿದೆ. ರಕ್ತ ಪರೀಕ್ಷೆ, ಇಸಿಜಿ, ಸ್ಕ್ಯಾನು ಇರುವಾಗ ರೋಗಿಯ ಕಥೆ ಯಾಕೆ?’ ಎಂದು ಯಾರಾದರೂ ಕೇಳಬಹುದು. ಜೆ. ಆರ್. ಹ್ಯಾಂಪ್ಟನ್ ಮತ್ತು ಸಂಗಡಿಗರು ಬ್ರಿಟನ್ನಿನಲ್ಲಿ ಮಾಡಿದ ಅಧ್ಯಯನವೊಂದು 1975ರಲ್ಲಿ ಪ್ರಕಟವಾಯಿತು. ಹೊಸದಾಗಿ ಬಂದ 80 ಹೊರರೋಗಿಗಳ ವಿಷಯದಲ್ಲಿ, ಕಾಯಿಲೆ ಏನೆಂದು ವೈದ್ಯರಿಗೆ ಯಾವ ಹಂತದಲ್ಲಿ ಗೊತ್ತಾಯಿತು ಎಂದು ಅವರು ನೋಡಿದರು. 66 ಜನರಲ್ಲಿ, ರೋಗಿ ಹೇಳಿದ್ದನ್ನು ಕೇಳಿ ಮಾಡಿದ ತೀರ್ಮಾನವೇ ಕೊನೆಯವರೆಗೂ ನಿಂತಿತು. ದೇಹ ಮುಟ್ಟಿ ನೋಡಿದ್ದು, ಪ್ರಯೋಗಾಲಯಕ್ಕೆ ಕಳಿಸಿದ್ದು ತೀರ್ಮಾನ ಬದಲಿಸಿದ್ದು ಉಳಿದ ಕೆಲವರಲ್ಲಿ ಮಾತ್ರ. ಅದಾಗಿ ಐವತ್ತು ವರ್ಷವಾಯಿತು, ಯಂತ್ರಗಳು ಎಷ್ಟೋ ಮುಂದೆ ಹೋಗಿವೆ, ಹಾಗಾಗಿ ಆ ಅನುಪಾತ ಇಂದಿಗೂ ಅಷ್ಟೇ ಎಂದು ನಾನು ವಾದಿಸುವುದಿಲ್ಲ. ಆದರೆ ಯಂತ್ರ ಎಷ್ಟೇ ಚುರುಕಾದರೂ ಯಾವ ಪರೀಕ್ಷೆ ಬರೆಯಬೇಕೆಂದು ಅದು ಹೇಳುವುದಿಲ್ಲ. ಮೆಟ್ಟಿಲಿನ ವಾಕ್ಯ ಕಿವಿಗೆ ಬಿದ್ದ ವೈದ್ಯರು ಇಸಿಜಿ ಬರೆಯುತ್ತಾರೆ, ಬೀಳದವರು ಎಂಡೋಸ್ಕೊಪಿಗೆ ಕಳಿಸುತ್ತಾರೆ. ಮಾತು ಸರಿಯಾಗಿ ಕೇಳಿಸಿಕೊಳ್ಳದೆ ಬರೆದ ಪರೀಕ್ಷೆಗಳ ಬಿಲ್ಲು ಯಾರ ಜೇಬಿನಿಂದ ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಸಮಯದ್ದು. ಮಾತಾಡಲು ಬಿಟ್ಟರೆ ರೋಗಿ ಮದುವೆ, ಮುಂಜಿ, ಜಮೀನು ವ್ಯಾಜ್ಯ ಎಲ್ಲವನ್ನೂ ಹೇಳಿ ಅರ್ಧ ಗಂಟೆ ನುಂಗುತ್ತಾರೆ ಎಂಬ ಭಯ ಬಹುತೇಕ ಎಲ್ಲ ವೈದ್ಯರಿಗೂ ಇದೆ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ವುಲ್ಫ್ ಲಾಂಗೆವಿಟ್ಸ್ ಮತ್ತು ಜೊತೆಗಾರರು ಈ ಭಯವನ್ನೇ ಪರೀಕ್ಷೆಗೆ ಒಡ್ಡಿದರು. ಹೊರರೋಗಿ ವಿಭಾಗದ ವೈದ್ಯರು ರೋಗಿ ತಾನಾಗಿ ನಿಲ್ಲಿಸುವವರೆಗೆ ತಡೆಯಬಾರದು. ಎಷ್ಟು ಹೊತ್ತಾಯಿತೆಂದು ರೋಗಿಗೆ ಕಾಣದ ಹಾಗೆ ನೋಡಿಕೊಳ್ಳಬೇಕು. 335 ರೋಗಿಗಳು ಮಾತಾಡಿದರು. 2002ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಅವರು ತೆಗೆದುಕೊಂಡದ್ದು ಸರಾಸರಿ 92 ಸೆಕೆಂಡು. ನೂರಕ್ಕೆ 78 ಮಂದಿ ಎರಡು ನಿಮಿಷದೊಳಗೆ ಮುಗಿಸಿದ್ದರು. ಐದು ನಿಮಿಷ ದಾಟಿದವರು ಏಳೇ ಜನ, ಅವರು ಹೇಳಿದ್ದೂ ಕೇಳಬೇಕಾದ ವಿಷಯವೇ ಆಗಿತ್ತೆಂದು ವೈದ್ಯರು ಒಪ್ಪಿಕೊಂಡರು. ಅರ್ಧ ಗಂಟೆಯ ಭಯದ ಹಿಂದೆ ಇದ್ದದ್ದು ಒಂದೂವರೆ ನಿಮಿಷ.

ಇಲ್ಲಿಗೇ ವಾದ ಗೆದ್ದೆನೆಂದು ಬೀಗಿದರೆ ತಪ್ಪಾಗುತ್ತದೆ. ಬಾಸೆಲ್‌ನ ವೈದ್ಯರು ರೋಗಿಯ ಮಾತು ಕೇಳುವುದರಲ್ಲಿ ತರಬೇತಿ ಪಡೆದವರು. ಅವರ ಬಾಗಿಲ ಹೊರಗೆ ನಮ್ಮ ತಾಲ್ಲೂಕು ಆಸ್ಪತ್ರೆಯ ಸಾಲು ಇರಲಿಲ್ಲ. 67 ದೇಶಗಳ ಮಾಹಿತಿ ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಪ್ರಾಥಮಿಕ ವೈದ್ಯರು ಒಬ್ಬ ರೋಗಿಗೆ ಕೊಡುವ ಹೊತ್ತು ಸ್ವೀಡನ್ನಿನಲ್ಲಿ 22.5 ನಿಮಿಷ, ಬಾಂಗ್ಲಾದೇಶದಲ್ಲಿ 48 ಸೆಕೆಂಡು ಎಂದಿತ್ತು. ಜಗತ್ತಿನ ಸುಮಾರು ಅರ್ಧ ಜನ ಬದುಕುವ 18 ದೇಶಗಳಲ್ಲಿ ಅದು ಐದು ನಿಮಿಷ ಅಥವಾ ಅದಕ್ಕೂ ಕಡಿಮೆ. ಭಾರತ ಈ ಗುಂಪಿನಲ್ಲಿದೆ. ಇಡೀ ಭೇಟಿಯೇ ಎರಡು ಮೂರು ನಿಮಿಷದ್ದಾಗಿರುವಲ್ಲಿ ಒಂದೂವರೆ ನಿಮಿಷ ಸುಮ್ಮನಿರಿ ಎಂದು ವೈದ್ಯರಿಗೆ ಉಪದೇಶಿಸುವುದು ಅನ್ಯಾಯ. ವೈದ್ಯರ ಸಂಖ್ಯೆ ಹೆಚ್ಚದೆ, ಬಿಪಿ ಮಾತ್ರೆಯ ಮರುಚೀಟಿಗೆ ಬಂದವರನ್ನು ಬೇರೆ ಸಾಲಿಗೆ ಕಳಿಸುವ ಏರ್ಪಾಡಿಲ್ಲದೆ ಆ ಕೊರತೆ ನೀಗುವುದಿಲ್ಲ. ಹಾಗಿದ್ದರೂ ಒಂದು ಲೆಕ್ಕ ಉಳಿಯುತ್ತದೆ. ಹೊತ್ತು ಕಡಿಮೆ ಇದ್ದಷ್ಟೂ ತಪ್ಪು ದಿಕ್ಕಿನ ಪ್ರಶ್ನೆ ದುಬಾರಿಯಾಗುತ್ತದೆ, ಖಾರ ತಿಂತೀರಾ ಎಂಬುದರಿಂದ ಹಿಡಿದ ದಾರಿಯಲ್ಲಿ ಮೂರು ನಿಮಿಷವೂ ಕಳೆದುಹೋಗುತ್ತದೆ. ಅದೇ ರೋಗಿ ವಾರ ಬಿಟ್ಟು ಮತ್ತೆ ಅದೇ ಸಾಲಿನಲ್ಲಿ ನಿಲ್ಲುತ್ತಾರೆ. ಒಂದೂವರೆ ನಿಮಿಷವಿಲ್ಲದಿದ್ದರೆ ನಲವತ್ತು ಸೆಕೆಂಡು ಬಿಡಲಿ. 18ಕ್ಕಿಂತ ಅದು ದುಪ್ಪಟ್ಟು.

ಬಾಯಿ ಮುಚ್ಚಿಕೊಂಡಿದ್ದರೆ ಸಾಕೇ ಎಂದರೆ, ಸಾಲದು. ಕೆನಡಾದ ಮನೋವಿಜ್ಞಾನಿ ಜಾನೆಟ್ ಬವೆಲಾಸ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಒಬ್ಬರು ತಾವು ಕೂದಲೆಳೆಯಲ್ಲಿ ಪಾರಾದ ಘಟನೆಯೊಂದನ್ನು ಹೇಳಬೇಕು, ಇನ್ನೊಬ್ಬರು ಕೇಳಬೇಕು. ಕೇಳುವವರಲ್ಲಿ ಕೆಲವರಿಗೆ ಗುಟ್ಟಾಗಿ ಬೇರೆ ಕೆಲಸ ಹಚ್ಚಿದ್ದರು: ಹೇಳುವವರ ಬಾಯಲ್ಲಿ ‘ಟಿ’ ಅಕ್ಷರದಿಂದ ಶುರುವಾಗುವ ಇಂಗ್ಲಿಷ್ ಪದ ಬಂದಾಗಲೆಲ್ಲ ಗುಂಡಿ ಒತ್ತುವುದು. ಅವರ ಕಿವಿ ತೆರೆದೇ ಇತ್ತು, ಪ್ರತಿ ಪದವನ್ನೂ ಹಿಡಿಯುತ್ತಿತ್ತು. ಆದರೆ ಸರಿಯಾದ ಜಾಗದಲ್ಲಿ ಮುಖ ಹಿಂಡುವುದು, ‘ಅಯ್ಯೋ’ ಎನ್ನುವುದು ನಿಂತುಹೋಯಿತು. ಏಟು ಬಿದ್ದದ್ದು ಹೇಳುವವರಿಗೆ. ಅವರ ಕಥೆ ಸೊರಗಿತು, ಅದರಲ್ಲೂ ರೋಮಾಂಚಕವಾಗಬೇಕಿದ್ದ ಮುಕ್ತಾಯದಲ್ಲಿ ತಡವರಿಸಿದರು, ಹೇಳಿದ್ದನ್ನೇ ಸುತ್ತಿ ಸುತ್ತಿ ಹೇಳಿದರು. ಅಂದರೆ ಮಾತು ಚೆನ್ನಾಗಿ ಬರುವುದೋ ಬಿಡುವುದೋ ಅರ್ಧ ಕೇಳುವವರ ಕೈಯಲ್ಲಿದೆ. ನಮ್ಮ ಅಜ್ಜಿಯರಿಗೆ ಇದು ಪ್ರಯೋಗವಿಲ್ಲದೆಯೇ ಗೊತ್ತಿತ್ತು. ಹೂಂಗುಟ್ಟುವವರಿಲ್ಲದಿದ್ದರೆ ಅವರು ಕಥೆ ಮುಂದುವರಿಸುತ್ತಿರಲಿಲ್ಲ. ಇವತ್ತಿನ ಕನ್ಸಲ್ಟಿಂಗ್ ರೂಮಿನಲ್ಲಿ ರೋಗಿ ಮಾತಾಡುವಾಗ ವೈದ್ಯರ ಕಣ್ಣು ಕಂಪ್ಯೂಟರಿನ ಮೇಲಿದ್ದರೆ, ಬೆರಳು ಹಿಂದಿನ ರೋಗಿಯ ಬಿಲ್ ಕೋಡು ತುಂಬುತ್ತಿದ್ದರೆ, ಅವರು ಬಾಯಿ ಹಾಕದಿದ್ದರೂ ಕಥೆ ಸೊರಗುತ್ತದೆ. ಆಮೇಲೆ ‘ಈ ಪೇಷಂಟಿಗೆ ಸರಿಯಾಗಿ ಹೇಳೋಕೆ ಬರಲ್ಲ’ ಎಂಬ ದೂರು ರೋಗಿಯ ಮೇಲೇ ಬರುತ್ತದೆ. ಮನೆಯಲ್ಲಿ ಮೊಬೈಲು ನೋಡುತ್ತ ‘ಹೇಳು, ಕೇಳಿಸ್ಕೊಳ್ತಿದೀನಿ’ ಎನ್ನುವವರೂ ಇದೇ ಕಟಕಟೆಯಲ್ಲಿ ನಿಲ್ಲಬೇಕಾದವರು.

ಕೇಳುವವರ ಪ್ರಶ್ನೆಯ ರೂಪವೂ ಮಾತನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಜಾನ್ ಹೆರಿಟೇಜ್ ಮತ್ತು ಸಂಗಡಿಗರು ಅಮೆರಿಕದ 20 ವೈದ್ಯರೊಂದಿಗೆ ನಡೆಸಿದ ಪ್ರಯೋಗ 2007ರಲ್ಲಿ ಪ್ರಕಟವಾಯಿತು. ಮೊದಲ ದೂರು ಮುಗಿದ ಮೇಲೆ ವೈದ್ಯರು ಎರಡರಲ್ಲಿ ಒಂದು ಪ್ರಶ್ನೆ ಕೇಳಬೇಕಿತ್ತು. ಒಂದರ ದನಿ ‘ಬೇರೆ ಏನೂ ಇಲ್ಲ ತಾನೇ’ ಎಂಬ ಕಡೆಗೆ ವಾಲಿದ್ದು, ಇನ್ನೊಂದರದು ‘ಇನ್ನೂ ಏನೋ ಇದೆಯಲ್ಲ, ಹೇಳಿ’ ಎಂಬ ಕಡೆಗೆ. ಇಂಗ್ಲಿಷಿನಲ್ಲಿ ವ್ಯತ್ಯಾಸ ಒಂದೇ ಒಂದು ಪದದ್ದು. ಎರಡನೆಯ ಬಗೆಯಲ್ಲಿ ಕೇಳಿದಾಗ, ರೋಗಿ ಮನಸ್ಸಿನಲ್ಲಿಟ್ಟುಕೊಂಡು ಬಂದು ಹೇಳದೆ ಹೋಗುವ ದೂರುಗಳು ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದವು. ಮೊದಲ ಬಗೆಯ ಪ್ರಶ್ನೆ ಕೇಳಿದ್ದೂ ಒಂದೇ, ಕೇಳದಿದ್ದದ್ದೂ ಒಂದೇ ಎಂಬಂತಾಯಿತು. ಭೇಟಿಯ ಅವಧಿಯೂ ಹೆಚ್ಚಾಗಲಿಲ್ಲ. ಕನ್ನಡದಲ್ಲಿ ಈ ಎರಡು ದನಿಗಳ ಅಂತರ ಇನ್ನೂ ಢಾಳಾಗಿದೆ. ‘ಮತ್ತೇನಿಲ್ವಲ್ಲ?’ ಎಂದು ಪೆನ್ನಿನ ಮುಚ್ಚಳ ಹಾಕುತ್ತ ಕೇಳಿದರೆ ‘ಇಲ್ಲ ಸಾರ್’ ಎಂದೇ ಉತ್ತರ ಬರುವುದು. ದೊಡ್ಡವರ ಮುಂದೆ ಇದೆ ಎನ್ನಲು ನಮ್ಮವರಿಗೆ ಸಂಕೋಚ. ‘ಇನ್ನೇನೇನು ತೊಂದರೆ ಇದೆ, ಹೇಳಿ’ ಎಂದರೆ ಆ ಸಂಕೋಚಕ್ಕೆ ಕೆಲಸವಿಲ್ಲ.

ಕೇಳಿಸಿಕೊಂಡದ್ದು ಸರಿಯೇ ಎಂದು ನೋಡಿಕೊಳ್ಳುವುದು ಕೊನೆಯ ಹೆಜ್ಜೆ. ಇದರಲ್ಲಿ ವೈದ್ಯರಿಗಿಂತ ಪೈಲಟ್‌ಗಳು ಮುಂದಿದ್ದಾರೆ. ಯಾವ ರನ್‌ವೇ, ಎಷ್ಟು ಎತ್ತರ ಎಂದು ನಿಯಂತ್ರಣ ಕೊಠಡಿ ಹೇಳಿದ್ದನ್ನು ಪೈಲಟ್ ವಾಪಸ್ ಒಪ್ಪಿಸಬೇಕು, ಒಪ್ಪಿಸಿದ್ದನ್ನು ಆ ಕಡೆಯವರು ಕಿವಿಗೊಟ್ಟು ತಾಳೆ ನೋಡಬೇಕು. ‘ಸರಿ, ಗೊತ್ತಾಯ್ತು’ ಎಂದರೆ ನಡೆಯುವುದಿಲ್ಲ. ನಮ್ಮ ಆಸ್ಪತ್ರೆಗಳಲ್ಲಿ ನಡೆಯುವುದೆಲ್ಲ ‘ಗೊತ್ತಾಯ್ತಾ?’, ‘ಹೂಂ ಸಾರ್’. ಗೊತ್ತಾಗದವರೂ ಹೂಂ ಎನ್ನುತ್ತಾರೆ. ‘ಮನೆಗೆ ಹೋಗಿ ಈ ಮಾತ್ರೆ ಹೇಗೆ ತಗೋತೀರಿ, ಒಂದ್ಸಲ ಹೇಳಿ ನೋಡೋಣ’ ಎಂದು ಕೇಳಿದಾಗಲೇ ಊಟಕ್ಕೆ ಮುಂಚಿನದು ಊಟದ ಮೇಲಾಗಿರುವುದು ಬಯಲಾಗುವುದು.

‘ಇದೆಲ್ಲ ಹುಟ್ಟಿನಿಂದ ಬರಬೇಕು, ಕಲಿಸಿ ಬರುವುದಲ್ಲ’ ಎನ್ನುವವರಿಗೆ ಮೇಲಿನ ಪ್ರಯೋಗಗಳೇ ಉತ್ತರ. ಹೆರಿಟೇಜ್ ತಂಡ ವೈದ್ಯರ ಸ್ವಭಾವ ತಿದ್ದಲು ಹೋಗಲಿಲ್ಲ, ಒಂದು ಪ್ರಶ್ನೆಯ ಪದ ಬದಲಿಸಿತು. ಭಾರತದಲ್ಲಿ 2019ರಿಂದ ಜಾರಿಯಾದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ವರ್ತನೆ, ನೈತಿಕತೆ ಮತ್ತು ಸಂವಹನದ ಪಾಠಗಳು ಸೇರಿವೆ, ಆರಂಭದ ಫೌಂಡೇಷನ್ ಕೋರ್ಸಿನಲ್ಲಿ ಸ್ಥಳೀಯ ಭಾಷೆಗೂ ಜಾಗವಿದೆ. ಹೊರರಾಜ್ಯಗಳಿಂದ ಬಂದು ಓದುವವರು ಬಹಳವಿರುವ ಕರ್ನಾಟಕದ ಕಾಲೇಜುಗಳಲ್ಲಿ ಆ ಎರಡನೆಯದರ ತೂಕ ದೊಡ್ಡದು. ಕೈಕಾಲು ಜೋಮು, ಮೈ ಉಷ್ಣ, ಕಣ್ಣು ಕತ್ತಲೆ, ಹೊಟ್ಟೆ ತೊಳೆಸುವುದು, ಇವು ಯಾವ ಇಂಗ್ಲಿಷ್ ಪುಸ್ತಕದ ಪಟ್ಟಿಯಲ್ಲೂ ಹೀಗೇ ಸಿಗುವುದಿಲ್ಲ. ‘ಉಷ್ಣ’ ಎಂದದ್ದನ್ನು ಜ್ವರ ಎಂದು ಬರೆದುಕೊಂಡರೆ ಕಿವಿಗೊಟ್ಟೂ ಕೇಳಿಸಿಕೊಳ್ಳದ ಹಾಗಾಯಿತು.

ಪಾಶ್ಚಾತ್ಯ ಅಧ್ಯಯನಗಳ ಚಿತ್ರದಲ್ಲಿ ಅಷ್ಟಾಗಿ ಕಾಣದ ಒಬ್ಬರು ನಮ್ಮ ಕೋಣೆಯಲ್ಲಿ ಹೆಚ್ಚಾಗಿ ಇರುತ್ತಾರೆ: ಜೊತೆಗೆ ಬಂದವರು. ಬೆಕ್‌ಮನ್‌ರ 18 ಸೆಕೆಂಡು ವೈದ್ಯರದ್ದು. ಇಲ್ಲಿ ಮಗ ಅಷ್ಟೂ ಕಾಯುವುದಿಲ್ಲ, ‘ನೀನು ಸುಮ್ನಿರಮ್ಮ, ನಾನು ಹೇಳ್ತೀನಿ’ ಎಂದು ಮೊದಲ ವಾಕ್ಯವೇ ಅವನದಾಗುತ್ತದೆ. ಅವನನ್ನು ಪೂರ್ತಿ ದೂರುವಂತಿಲ್ಲ. ಮಾತ್ರೆಗಳ ಹೆಸರು, ಹಿಂದಿನ ರಿಪೋರ್ಟು, ರಾತ್ರಿ ಎಷ್ಟು ಸಲ ಎದ್ದರು ಎಂಬುದು ತಾಯಿಗಿಂತ ಅವನಿಗೇ ಚೆನ್ನಾಗಿ ಗೊತ್ತಿರಬಹುದು, ಮರೆವಿನ ಕಾಯಿಲೆಯವರ ವಿಷಯದಲ್ಲಂತೂ ಅವನ ಮಾತೇ ಆಧಾರ. ಆದರೆ ಮೂತ್ರ ಹಿಡಿತ ತಪ್ಪುವುದನ್ನು, ಸೊಸೆ ಊಟ ಬಡಿಸುವ ಹೊತ್ತನ್ನು, ‘ಬದುಕಿದ್ದು ಸಾಕು’ ಅನ್ನಿಸುವುದನ್ನು ಆ ತಾಯಿ ಮಗನ ಎದುರು ಹೇಳುವುದಿಲ್ಲ. ಇದನ್ನು ಬಲ್ಲ ವೈದ್ಯರು ಮೊದಲು ತಾಯಿಯ ಕಡೆ ಕುರ್ಚಿ ತಿರುಗಿಸಿ ಅವರಿಂದಲೇ ಕೇಳುತ್ತಾರೆ, ಆಮೇಲೆ ಮಗನಿಗೆ ಅವಕಾಶ ಕೊಡುತ್ತಾರೆ, ನಡುವೆ ಒಂದು ಗಳಿಗೆ ‘ಬಿಪಿ ನೋಡ್ತೀನಿ, ನೀವು ಸ್ವಲ್ಪ ಹೊರಗಿರಿ’ ಎಂದು ಅವನನ್ನು ಕಳಿಸುತ್ತಾರೆ. ಬಿಪಿ ನೋಡಲು ಮಗ ಹೊರಗೆ ಹೋಗಬೇಕಾಗಿಲ್ಲ ಎಂಬುದು ಮೂವರಿಗೂ ಗೊತ್ತು.