ಚೀನೀಯರ ಶಾಖಚಿಕಿತ್ಸೆ

ಪ್ರಾಚೀನ ವಿದ್ಯೆಗಳಿಗೆ ಎರಡು ಬಗೆಯ ಶತ್ರುಗಳುಂಟು. ಪರೀಕ್ಷಿಸದೆಯೇ ಹಳಿಯುವವರು ಒಂದು ಬಗೆ; ಪರೀಕ್ಷಿಸದೆಯೇ ಹೊಗಳುವವರು ಇನ್ನೊಂದು ಬಗೆ. ಎರಡನೆಯವರು ಮಿತ್ರರ ವೇಷದಲ್ಲಿರುವುದರಿಂದ ಅವರಿಂದಾಗುವ ಹಾನಿಯು ಬೇಗನೆ ಕಣ್ಣಿಗೆ ಬೀಳುವುದಿಲ್ಲ. ಈ ಇಬ್ಬರ ನಡುವೆ ಒಂದು ವಿದ್ಯೆಯು ಉಳಿದು ಬಂದ ಬಗೆಗೆ ಚೀನ ದೇಶದ ಶಾಖಚಿಕಿತ್ಸೆಯು ತಕ್ಕ ನಿದರ್ಶನವಾಗಿದೆ. ದೇಶೀಯ ವೈದ್ಯದಲ್ಲಿ ಅಭಿಮಾನವುಳ್ಳ ನಮ್ಮ ವಾಚಕರು ಅದರ ಚರಿತ್ರೆಯನ್ನು ತಿಳಿದುಕೊಳ್ಳುವುದು ಯುಕ್ತವಾಗಿದೆ.

ಸೂಜಿ ಚುಚ್ಚಿ ಮಾಡುವ ಚೀನೀ ಚಿಕಿತ್ಸೆಯ ಹೆಸರನ್ನು ಕೇಳದವರು ವಿರಳ. ಆದರೆ ಆ ದೇಶದ ಭಾಷೆಯಲ್ಲಿ ಆ ವಿದ್ಯೆಗೆ ‘ಝೆನ್-ಜಿಯೂ’ ಎಂಬ ಜೋಡಿ ಹೆಸರಿದೆ. ಮೊದಲನೆಯದಕ್ಕೆ ಸೂಜಿಯೆಂದೂ, ಎರಡನೆಯದಕ್ಕೆ ಬೆಂಕಿಯ ಕಾವು ಕೊಡುವುದೆಂದೂ ಅರ್ಥ. ಕಾವಿಗೆ ಸಾಧನವಾದುದು ‘ಆಯ್’ ಎಂಬ ಗಿಡದ ಎಲೆ. ನಮ್ಮ ಹೂವಿನ ಪೇಟೆಗಳಲ್ಲಿ ಮಾರುವ ದವನವು ಇದೇ ಕುಲದ ಸಸ್ಯ. ಎಲೆಯನ್ನು ಬೇಸಗೆಯ ಆರಂಭದಲ್ಲಿ ಕೊಯ್ದು, ಒಣಗಿಸಿ, ಕೂಡಿಟ್ಟು, ಅನಂತರ ಕುಟ್ಟಿ ಜರಡಿ ಹಿಡಿದರೆ ಅರಳೆಯಂತಹ ಮೃದುವಾದ ಪದಾರ್ಥವು ಉಳಿಯುತ್ತದೆ. ಇದು ಜ್ವಾಲೆಯಿಲ್ಲದೆ ನಿಧಾನವಾಗಿ ಉರಿಯುವುದು. ಎಲೆಯು ಹಳೆಯದಾದಷ್ಟೂ ಕಾವು ಸೌಮ್ಯವಾಗುವುದೆಂದು ಅಲ್ಲಿನ ವೈದ್ಯರ ಮತ. ಜಪಾನೀಯರು ಇದನ್ನು ‘ಮೊಗುಸ’ ಎಂದರು. ಯೂರೋಪಿಯನ್ನರ ಬಾಯಲ್ಲಿ ಅದು ‘ಮಾಕ್ಸ’ ಆಯಿತು.

ಪೂರ್ವಕಾಲದಲ್ಲಿ ಈ ಅರಳೆಯ ಸಣ್ಣ ಉಂಡೆಯನ್ನು ಚರ್ಮದ ಮೇಲೆಯೇ ಇಟ್ಟು ಉರಿಸುತ್ತಿದ್ದರು. ಬೊಬ್ಬೆಯೆದ್ದು ಕಲೆ ಉಳಿಯುತ್ತಿತ್ತು. ಏಳನೆಯ ಶತಮಾನದ ಪ್ರಖ್ಯಾತ ವೈದ್ಯನಾದ ಸುನ್ ಸಿಮಿಯಾವೊ, ಊ ಮತ್ತು ಷೂ ಸೀಮೆಗಳಿಗೆ ಅಧಿಕಾರದ ಮೇಲೆ ಹೋಗುವವರು ಮೈಮೇಲೆ ಎರಡು ಮೂರು ಕಡೆ ಇಂತಹ ಹುಣ್ಣುಗಳನ್ನು ಮಾಯಗೊಡದೆ ಇಟ್ಟುಕೊಂಡರೆ ಆ ಸೀಮೆಯ ವಿಷಜ್ವರಗಳು ತಗುಲುವುದಿಲ್ಲವೆಂದು ಬರೆದಿರುವನು. ವರ್ಗಾವಣೆಗೆ ಅಂಜುವ ನಮ್ಮ ಅಧಿಕಾರಿಗಳು ತಮ್ಮ ಸ್ಥಿತಿಯು ಅಷ್ಟು ಕಷ್ಟವಲ್ಲವೆಂದು ಸಮಾಧಾನಪಡಬಹುದು. ಕ್ರಮೇಣ ಚರ್ಮಕ್ಕೂ ಕಿಡಿಗೂ ನಡುವೆ ಶುಂಠಿಯ ಬಿಲ್ಲೆಯನ್ನೋ, ಬೆಳ್ಳುಳ್ಳಿಯನ್ನೋ, ಹೊಕ್ಕುಳಾದರೆ ಉಪ್ಪನ್ನೋ ಇಡುವ ಪದ್ಧತಿಯು ಹರಡಿತು. ಇಂದು ಅರಳೆಯನ್ನು ಚುಟ್ಟದಂತೆ ಕಾಗದದಲ್ಲಿ ಸುತ್ತಿ, ಹೊತ್ತಿಸಿ, ಚರ್ಮದಿಂದ ಒಂದಂಗುಲ ದೂರದಲ್ಲಿ ೧೦-೧೫ ನಿಮಿಷ ಹಿಡಿಯುವುದೇ ಹೆಚ್ಚು ರೂಢಿಯಲ್ಲಿದೆ. ಸುಡುವಿಕೆಯು ಹೀಗೆ ಶಾಖವಾಯಿತು. ಶೀತವು ದೇಹದ ನಾಳಗಳಲ್ಲಿ ಪ್ರಾಣಶಕ್ತಿಯ ಸಂಚಾರವನ್ನು ತಡೆಯುವುದೆಂದೂ, ಕಾವು ಅದನ್ನು ಬಿಡಿಸುವುದೆಂದೂ ಅವರ ಸಿದ್ಧಾಂತ. ಆ ನಾಳಗಳು ಶರೀರಶಾಸ್ತ್ರಜ್ಞರಿಗೆ ಇದುವರೆಗೂ ಕಂಡುಬಂದಿಲ್ಲ.

ಈ ವಿದ್ಯೆಯ ಪ್ರಾಚೀನತೆಯಲ್ಲಿ ಸಂದೇಹವಿಲ್ಲ. ಚಾಂಗ್‌ಷಾ ನಗರದ ಬಳಿಯ ಮಾವಾಂಗ್‌ದುಯಿ ಎಂಬಲ್ಲಿ ಕ್ರಿಸ್ತಪೂರ್ವ ೧೬೮ರಲ್ಲಿ ಮುಚ್ಚಿದ ಗೋರಿಯೊಂದನ್ನು ೧೯೭೩ರಲ್ಲಿ ತೆರೆದಾಗ ರೇಷ್ಮೆಯ ಮೇಲೆ ಬರೆದ ವೈದ್ಯಗ್ರಂಥಗಳು ದೊರೆತವು. ನಾಳಗಳನ್ನು ವರ್ಣಿಸುವ ಅಲ್ಲಿನ ಬರಹಗಳಲ್ಲಿ ಬೆಂಕಿಯ ಚಿಕಿತ್ಸೆಯುಂಟು. ಸೂಜಿಯ ಮಾತೇ ಇಲ್ಲ.

ಇಷ್ಟು ಹಳೆಯ ವಿದ್ಯೆಗೆ ಸ್ವದೇಶದಲ್ಲಿಯೇ ಎರಡು ಗಂಡಾಂತರಗಳು ಒದಗಿದವು. ಸೂಜಿ ಚುಚ್ಚುವುದೂ ಬೆಂಕಿ ಮುಟ್ಟಿಸುವುದೂ ಚಕ್ರವರ್ತಿಯ ಶರೀರಕ್ಕೆ ತಕ್ಕುದಲ್ಲವೆಂದು ೧೮೨೨ರಲ್ಲಿ ಅರಮನೆಯ ವೈದ್ಯಶಾಲೆಯಿಂದ ಅದನ್ನು ಹೊರಹಾಕಲಾಯಿತು. ೧೯೨೯ರಲ್ಲಿ, ಪಾಶ್ಚಾತ್ಯ ವೈದ್ಯವನ್ನು ಕಲಿತ ಚೀನೀಯರೇ ದೇಶೀಯ ವೈದ್ಯವನ್ನೆಲ್ಲ ನಿರ್ಮೂಲ ಮಾಡುವ ಸೂಚನೆಯನ್ನು ಸರ್ಕಾರದ ಮುಂದೆ ತಂದರು. ಆ ವರ್ಷದ ಮಾರ್ಚಿ ೧೭ರಂದು ಷಾಂಘೈಯಲ್ಲಿ ನಾನಾ ಪ್ರಾಂತಗಳ ದೇಶೀಯ ವೈದ್ಯರು ಸಭೆ ಸೇರಿ ಪ್ರತಿಭಟಿಸಲು, ಆ ಸೂಚನೆಯು ಜಾರಿಗೆ ಬರಲಿಲ್ಲ. ೧೯೫೫ರಲ್ಲಿ ಬೀಜಿಂಗಿನಲ್ಲಿ ಈ ವೈದ್ಯಕ್ಕೆಂದೇ ಸಂಶೋಧನಾಲಯವು ಸ್ಥಾಪಿತವಾಯಿತು. ೨೦೧೦ರಲ್ಲಿ ಯುನೆಸ್ಕೋ ಸಂಸ್ಥೆಯು ಸೂಜಿ ಮತ್ತು ಶಾಖಗಳ ಈ ವಿದ್ಯೆಯನ್ನು ಮಾನವಕುಲದ ಪರಂಪರೆಗಳ ಪಟ್ಟಿಯಲ್ಲಿ ಸೇರಿಸಿತು.

ಪಟ್ಟಿಯಲ್ಲಿ ಸೇರಿದ ಮಾತ್ರಕ್ಕೆ ರೋಗವು ಗುಣವಾಗುವುದಿಲ್ಲ. ಆದುದರಿಂದ ಪರೀಕ್ಷೆಗಳ ಸಂಗತಿಯೇ ನಮಗೆ ಮುಖ್ಯ. ಗರ್ಭದಲ್ಲಿ ಶಿಶುವು ತಲೆ ಮೇಲಾಗಿ ನಿಂತಿದ್ದರೆ, ತಾಯಿಯ ಕಾಲಿನ ಕಿರುಬೆರಳಿನ ಉಗುರಿನ ಹೊರಮೂಲೆಗೆ ಶಾಖ ಕೊಡುವುದು ಚೀನೀಯರ ಹಳೆಯ ಕ್ರಮ. ಜಿಯಾಂಗ್‌ಷಿ ಪ್ರಾಂತದಲ್ಲಿ ೨೬೦ ಮಂದಿ ಚೊಚ್ಚಲ ಗರ್ಭಿಣಿಯರನ್ನು ಎರಡು ಸಮಭಾಗ ಮಾಡಿ ಇದನ್ನು ಪರೀಕ್ಷಿಸಿದರು. ಶಾಖ ಪಡೆದ ೧೩೦ ಮಂದಿಯಲ್ಲಿ ೯೮, ಪಡೆಯದ ೧೩೦ ಮಂದಿಯಲ್ಲಿ ೬೨ ಶಿಶುಗಳು ೩೫ನೆಯ ವಾರಕ್ಕೆ ತಲೆ ಕೆಳಗಾಗಿ ತಿರುಗಿದ್ದುವೆಂದು ೧೯೯೮ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದು ಪ್ರಕಟಿಸಿತು. ೨೦೦೯ರಲ್ಲಿ ಪ್ರಕಟವಾದ ಸ್ವಿಟ್ಸರ್ಲೆಂಡಿನ ಪರೀಕ್ಷೆಯಲ್ಲಿಯಾದರೋ ಯಾವ ಪ್ರಯೋಜನವೂ ಕಾಣಲಿಲ್ಲ. ಇಂತಹ ಅನೇಕ ಪರೀಕ್ಷೆಗಳನ್ನು ಒಟ್ಟಾಗಿ ತೂಗಿ ನೋಡಿದ ಕಾಕ್ರೇನ್ ಸಂಸ್ಥೆಯ ೨೦೨೩ರ ವಿಮರ್ಶೆಯು, ವಾಡಿಕೆಯ ಆರೈಕೆಯೊಡನೆ ಶಾಖವನ್ನೂ ಕೊಟ್ಟರೆ ಹೆರಿಗೆಯ ವೇಳೆಗೆ ಶಿಶುವು ಅಡ್ಡದಿಡ್ಡಿಯಾಗಿರುವ ಸಂಭವವು ಬಹುಶಃ ಕಡಮೆಯಾಗುವುದೆಂದು ಹೇಳಿತು. ಈ ‘ಬಹುಶಃ’ ಎಂಬ ಪದದ ಬೆಲೆ ದೊಡ್ಡದು. ಚರ್ಮದಲ್ಲಿ ಸ್ಪರ್ಶಜ್ಞಾನ ತಗ್ಗಿದ ಮಧುಮೇಹಿಗಳಿಗೆ ಇದೇ ಶಾಖದಿಂದ ಸುಟ್ಟ ಗಾಯಗಳಾಗಬಹುದೆಂಬುದನ್ನೂ ಮರೆಯಲಾಗದು.

ಈಗ ನಮ್ಮ ಮನೆಯ ಕಡೆಗೆ ನೋಡೋಣ. ಸುಶ್ರುತಸಂಹಿತೆಯ ಸೂತ್ರಸ್ಥಾನದ ಹನ್ನೆರಡನೆಯ ಅಧ್ಯಾಯವು ಅಗ್ನಿಕರ್ಮಕ್ಕೆ ಮೀಸಲಾಗಿದೆ. ಹಿಪ್ಪಲಿ, ಲೋಹದ ಶಲಾಕೆ, ಜೇನು, ಬೆಲ್ಲ, ಸ್ನೇಹದ್ರವ್ಯ ಮೊದಲಾದ ಸಾಧನಗಳನ್ನೂ, ಅದಕ್ಕೆ ಉಚಿತವಲ್ಲದ ಋತುಗಳನ್ನೂ ಆಚಾರ್ಯರು ವಿವರಿಸಿದ್ದಾರೆ. ಅಗ್ನಿಕರ್ಮವನ್ನು ಯಾರಿಗೆ ಮಾಡಬಾರದೆಂಬ ಪಟ್ಟಿಯೂ ಅಲ್ಲಿದೆ. ಅದರಲ್ಲಿ ದುರ್ಬಲರು, ವೃದ್ಧರು, ಅಂಜುವವರು ಇವರೊಡನೆ ಬಾಲಕರನ್ನೂ ಸ್ಪಷ್ಟವಾಗಿ ಹೇಳಿದೆ. ಹೀಗಿರಲು, ಕಾಮಾಲೆಯೆಂದೋ ಹೊಟ್ಟೆಯುಬ್ಬರವೆಂದೋ ಎಳೆಯ ಕೂಸುಗಳಿಗೆ ಕಾಯ್ದ ಕಬ್ಬಿಣದಿಂದ ಬರೆ ಹಾಕುವುದು ಯಾವ ಶಾಸ್ತ್ರ? ಅದನ್ನು ಸಂಪ್ರದಾಯವೆಂದು ಸಮರ್ಥಿಸುವವರು ಸಂಪ್ರದಾಯದ ಮೂಲಗ್ರಂಥವನ್ನೇ ಧಿಕ್ಕರಿಸುತ್ತಿರುವರು. ಬರೆಯ ಹುಣ್ಣು ಕೀತು ಕೂಸಿನ ಪ್ರಾಣಕ್ಕೇ ಕೇಡಾಗಬಹುದು. ಆಸ್ಪತ್ರೆಯಲ್ಲಿ ಆಗಬೇಕಾದ ಚಿಕಿತ್ಸೆಗೆ ವಿಳಂಬವಾಗುವುದಂತೂ ನಿಶ್ಚಯ.

ಆದುದರಿಂದ ನಮ್ಮ ಕೋರಿಕೆಯು ಎರಡು ಬಗೆಯದು. ಗ್ರಾಮಗ್ರಾಮಗಳಲ್ಲಿ ಅಧಿಕಾರಿಗಳೂ ವಿದ್ಯಾವಂತರೂ ಕೂಸುಗಳಿಗೆ ಬರೆ ಹಾಕುವುದನ್ನು ನಿಲ್ಲಿಸಬೇಕು. ನಿಲ್ಲಿಸುವಾಗ ಸುಶ್ರುತರ ಮಾತನ್ನೇ ಪ್ರಮಾಣವಾಗಿ ತೋರಿಸಬೇಕು. ಆಯುರ್ವೇದ ಕಾಲೇಜುಗಳು ಅಗ್ನಿಕರ್ಮವನ್ನು ವಯಸ್ಕರ ಕೀಲುನೋವು ಮುಂತಾದುವುಗಳಲ್ಲಿ ನಿಯಮಬದ್ಧವಾಗಿ ಪರೀಕ್ಷಿಸಿ, ಗೆದ್ದುದನ್ನೂ ಸೋತುದನ್ನೂ ಮುಚ್ಚುಮರೆಯಿಲ್ಲದೆ ಪ್ರಕಟಿಸಬೇಕು. ಏಳು ವರ್ಷದ ರೋಗಕ್ಕೆ ಮೂರು ವರ್ಷ ಕೂಡಿಟ್ಟ ‘ಆಯ್’ ಎಲೆಯನ್ನು ಹುಡುಕುವವರ ದೃಷ್ಟಾಂತವನ್ನು ಚೀನದ ತತ್ತ್ವಜ್ಞನಾದ ಮೆನ್ಸಿಯಸನು ರಾಜರ ಮುಂದಿಟ್ಟಿದ್ದನು. ಮುಂಚೆ ಕೂಡಿಡದವನಿಗೆ ಅದು ಜೀವಮಾನದಲ್ಲಿ ದೊರೆಯುವುದಿಲ್ಲವೆಂಬುದು ಅದರ ತಾತ್ಪರ್ಯ. ಸತ್ಯಪರೀಕ್ಷೆಯ ಫಲವೂ ಅಂತಹುದೇ. ಬೇಕಾದ ದಿನ ಅದು ಕೈಗೆ ಸಿಕ್ಕಬೇಕಾದರೆ ಕೂಡಿಡುವ ಕೆಲಸವು ಇಂದೇ ಆರಂಭವಾಗತಕ್ಕದ್ದು.