ಬೆಲೆಯಾಗಿದ್ದ ಬಟ್ಟೆ, ಸಿದ್ದಿಯರ ಕೌದಿ

ಬೆಳಗಾವಿ ಜಿಲ್ಲೆಯ ಮಮದಾಪುರ, ಗೋಕಾಕ ಸೀಮೆಯ ಮನೆಗಳಲ್ಲಿ ಹಳೇ ಸೀರೆ, ಹರಿದ ಧೋತರ ಸುಲಭಕ್ಕೆ ಬೀದಿಗೆ ಬೀಳುವುದಿಲ್ಲ. ಪದರು ಪದರಾಗಿ ಸೇರಿ ಕೌದಿಯಾಗುತ್ತವೆ. ಇದೇ ಜಿಲ್ಲೆಯ ಖಾನಾಪುರದ ಕಾಡಂಚಿನಲ್ಲೂ ಆಚೆಯ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲೂ ಸಿದ್ದಿ ಹೆಂಗಸರು ಕೌದಿ ಹೊಲಿಯುತ್ತಾರೆ. ಆದರೆ ಅವರ ಹಿರಿಯರಿಗೂ ಹತ್ತಿ ಬಟ್ಟೆಗೂ ಇದ್ದ ನಂಟು ಕ್ರೂರವಾದದ್ದು.

ಹದಿನೆಂಟನೇ ಶತಮಾನದಲ್ಲಿ ಗುಜರಾತಿನ ಬಟ್ಟೆ ದೀವ್, ದಮನ್ ಬಂದರುಗಳಿಂದ ಮೊಜಾಂಬಿಕ್‌ಗೆ ಹೋಗುತ್ತಿತ್ತು. ಅಲ್ಲಿ ಅದನ್ನು ಕೊಟ್ಟು ಆನೆದಂತ ಕೊಳ್ಳುತ್ತಿದ್ದರು, ಮನುಷ್ಯರನ್ನೂ ಕೊಳ್ಳುತ್ತಿದ್ದರು. ಹೀಗೆ ಮಾರಾಟವಾದವರಲ್ಲಿ ಕೆಲವರನ್ನು ಪೋರ್ಚುಗೀಸರ ಗೋವಾಕ್ಕೆ ತಂದಿಳಿಸಿದರು. ಅಲ್ಲಿಂದ ತಪ್ಪಿಸಿಕೊಂಡೋ ಬಿಡುಗಡೆಯಾಗಿಯೋ ಘಟ್ಟದ ಕಾಡು ಸೇರಿದವರ ವಂಶದವರು ನಮ್ಮ ಸಿದ್ದಿಗಳಲ್ಲಿ ಹಲವರು. ಪೋರ್ಚುಗಲ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ರದ್ದು ಮಾಡಿದ್ದು 1869ರಲ್ಲಿ.

ಬಟ್ಟೆಗೂ ಗುಲಾಮಗಿರಿಗೂ ಇದ್ದ ಇಂಥ ನಂಟು ಇಲ್ಲಿಗಷ್ಟೇ ಸೀಮಿತವಲ್ಲ. ಅಮೆರಿಕದ ದಕ್ಷಿಣ ಕೆರೊಲಿನಾದಲ್ಲಂತೂ ಗುಲಾಮರು ಎಂಥ ಅಗ್ಗದ, ಒರಟು ಬಟ್ಟೆ ಉಡಬೇಕೆಂದು 1735ರ ಕಾನೂನೇ ಪಟ್ಟಿ ಮಾಡಿತ್ತು. ಮುಂದೆ ಗುಲಾಮರ ದುಡಿಮೆಯ ಮೇಲೆ ನಿಂತ ಅಮೆರಿಕದ ಹತ್ತಿ ತೋಟಗಳ ನ್ಯೂ ಆರ್ಲಿಯನ್ಸ್ ತಳಿಯನ್ನು 1840ರ ದಶಕದಲ್ಲಿ ಬ್ರಿಟಿಷರು ಧಾರವಾಡದ ಎರೆಹೊಲಕ್ಕೆ ತಂದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ‘ಧಾರವಾಡ ಅಮೆರಿಕನ್’ ಅರಳೆಗೆ ಬಂಗಾರದ ಬೆಲೆ ಬಂತು. ಕುಮಟಾ ಬಂದರಿಗೆ ಹತ್ತಿಯ ಗಾಡಿಗಳು ಇಳಿದವು. ಘಟಪ್ರಭೆಯ ಧಬಧಬೆಯ ನೀರಿನ ಬಲದಲ್ಲಿ ಗೋಕಾಕದ ನೂಲಿನ ಗಿರಣಿ ತಿರುಗತೊಡಗಿದ್ದು 1887ರಲ್ಲಿ.

ಇನ್ನು ಕೌದಿ. ಸಿದ್ದಿ ಹೆಂಗಸರು ಹಳೇ ಸೀರೆ ಹಾಸಿ, ಅದರ ಮೇಲೆ ತುಂಡುಬಟ್ಟೆ ಜೋಡಿಸುತ್ತ ಒಂದು ಮೂಲೆಯಿಂದ ಹೊಲಿಗೆ ಹಿಡಿಯುತ್ತಾರೆ. ಅಂಚಿನುದ್ದಕ್ಕೂ ಸುತ್ತು ಹಾಕುತ್ತ ಸಾಗುವ ಸಣ್ಣ ಸಣ್ಣ ಹೊಲಿಗೆ ಕೊನೆಗೆ ನಟ್ಟನಡುವೆ ಬಂದು ಮುಗಿಯುತ್ತದೆ. ನಾಲ್ಕೂ ಮೂಲೆಗೆ ಮಡಚಿದ ತ್ರಿಕೋನದ ‘ಫೂಲ’ ಕೂರಬೇಕು. ಅದಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತರು ಮೂವರೂ ಇದ್ದಾರೆ. ಹಾಗಾಗಿ ಕೆಲವು ಕೌದಿಗಳಲ್ಲಿ ಅರ್ಧಚಂದ್ರ, ಕೆಲವದರಲ್ಲಿ ಶಿಲುಬೆ ಕಾಣುತ್ತದೆ.

ಇದನ್ನು ಕಂಡ ಕೂಡಲೇ ‘ಆಫ್ರಿಕಾದ ಕಲೆ’ ಎಂದು ಉದ್ಗರಿಸುವವರಿದ್ದಾರೆ. ನನಗೆ ಅಷ್ಟು ಅವಸರವಿಲ್ಲ. ಸೂಜಿ ಹಿಡಿಯುವ ರೀತಿ, ಹಳೇ ಬಟ್ಟೆಯ ಪದರು ಗೋಕಾಕದ ಅಜ್ಜಿಗೂ ಗೊತ್ತಿರುವಂಥವೇ. ಸಿದ್ದಿಯರದೇ ಆದದ್ದು ಬಣ್ಣಕ್ಕೆ ಬಣ್ಣ ಎದುರು ಕೂರಿಸುವ ಧೈರ್ಯ. ಅದನ್ನು ಅವರು ಆಫ್ರಿಕಾದಿಂದ ಹೊತ್ತು ತಂದರೋ ಇಲ್ಲೇ ಕಟ್ಟಿಕೊಂಡರೋ, ಶ್ರೇಯಸ್ಸು ಅವರದೇ.

ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೀವಲ್ ನೆರವಿನಿಂದ 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರಿ ಕೂಟ ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಶಾಂಬರ್ಗ್ ಕೇಂದ್ರದಲ್ಲಿ ಈ ಕೌದಿಗಳ ಪ್ರದರ್ಶನವೂ ಆಯಿತು. ಇತ್ತ ಸರ್ಕಾರದ ಮನ್ನಣೆ ನಿಧಾನವಾಗಿ ಬಂತು: ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ; ಬೆಳಗಾವಿ, ಧಾರವಾಡದವರು ಮಾತ್ರ 2020ರವರೆಗೆ ಕಾಯಬೇಕಾಯಿತು.

ಯಲ್ಲಾಪುರದ ಕಡೆ ಹೋದಾಗ ಕೌದಿ ಕೊಳ್ಳುವ ಮನಸ್ಸಾದರೆ, ಹಳೇ ಬಟ್ಟೆಯಲ್ಲವೇ ಎಂದು ಚೌಕಾಸಿಗೆ ಇಳಿಯಬೇಡಿ. ಹೊಲಿಯಲು ಎಷ್ಟು ದಿನ ಹಿಡಿಯಿತು ಎಂದು ಹೊಲಿದವರನ್ನೇ ಕೇಳಿ, ಆ ಲೆಕ್ಕದಲ್ಲಿ ಹಣ ಕೊಡಿ.