ಸೆರೆಂಗೆಟಿಯೋ, ರುವಾಹವೋ?

ಕಬಿನಿಯ ಹಿನ್ನೀರಿನ ದಡದಲ್ಲಿ ಬೇಸಗೆಯ ಸಂಜೆ ನೆರೆಯುವ ಆನೆಗಳನ್ನು ಕಂಡು, ನಾಗರಹೊಳೆಯ ಕಾಡುದಾರಿಗಳಲ್ಲಿ ಹುಲಿಗಾಗಿ ಗಂಟೆಗಟ್ಟಲೆ ಕಾದು, ವನ್ಯಜೀವನದಲ್ಲಿ ಅಭಿರುಚಿಯನ್ನು ಬೆಳೆಸಿಕೊಂಡಿರುವ ನಮ್ಮ ಜನರಲ್ಲಿ ಹಲವರು ಇತ್ತೀಚೆಗೆ ಪೂರ್ವ ಆಫ್ರಿಕದ ಕಡೆಗೆ ದೃಷ್ಟಿಯನ್ನು ಹೊರಳಿಸಿರುವರು. ಹೊರಡುವ ಸಂಕಲ್ಪ ಗಟ್ಟಿಯಾದೊಡನೆಯೇ ಅವರ ಮುಂದೆ ಬಂದು ನಿಲ್ಲುವ ಪ್ರಶ್ನೆ, ಲೋಕವೆಲ್ಲ ಹೆಸರು ಕೇಳಿರುವ ಬಯಲುಗಳಿಗೆ ಹೋಗಬೇಕೆ, ಹೆಚ್ಚು ಮಂದಿ ಕಾಲಿಡದ ದೂರದ ಅರಣ್ಯಗಳಿಗೆ ಹೋಗಬೇಕೆ ಎಂಬುದು. ಇದಕ್ಕೆ ಸಾಮಾನ್ಯವಾಗಿ ದೊರೆಯುವ ಉತ್ತರಗಳು ಖರ್ಚಿನ ಲೆಕ್ಕದಿಂದಲೋ ಜನಸಂದಣಿಯ ಮೇಲಣ ಬೇಸರದಿಂದಲೋ ಹುಟ್ಟಿದವು. ಆದರೆ ಪ್ರಾಣಿಗಳು ಎಲ್ಲಿ, ಎಷ್ಟು, ಹೇಗೆ ಕಾಣಿಸಿಕೊಳ್ಳುವುವೆಂಬುದನ್ನು ನಿರ್ಧರಿಸತಕ್ಕವು ನೆಲ, ಹುಲ್ಲು ಮತ್ತು ನೀರು. ಆದುದರಿಂದ ಪ್ರಯಾಣಿಕನ ವಿಚಾರವೂ ಅಲ್ಲಿಂದಲೇ ಆರಂಭವಾಗುವುದು ಲೇಸೆಂದು ನನ್ನ ಅಭಿಪ್ರಾಯ. ಎರಡು ಬಗೆಯ ಪ್ರದೇಶಗಳೂ ಒಂದೇ ದೇಶದೊಳಗಿರುವ ಟಾಂಜಾನಿಯವನ್ನು ಉದಾಹರಣೆಯಾಗಿ ತೆಗೆದುಕೊಂಡರೆ ವಿಷಯ ವಿಶದವಾದೀತು.

ಆ ದೇಶದ ಉತ್ತರಭಾಗದಲ್ಲಿರುವ ಸೆರೆಂಗೆಟಿ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು; ಅದರ ವಿಸ್ತಾರ ಸುಮಾರು 14,763 ಚದರ ಕಿಲೋಮೀಟರು. ಅದರ ಆಗ್ನೇಯಕ್ಕೆ ಜ್ವಾಲಾಮುಖಿಗಳ ಒಂದು ಶ್ರೇಣಿಯಿದ್ದು, ಅವುಗಳಲ್ಲಿ ಓಲ್ ಡೊಯಿನ್ಯೊ ಲೆಂಗಾಯ್ ಇಂದಿಗೂ ಜೀವಂತವಾಗಿದೆ. ಸಹಸ್ರಾರು ವರ್ಷಗಳಿಂದ ಈ ಪರ್ವತಗಳು ಉಗುಳಿದ ಬೂದಿ ಗಾಳಿಯೊಡನೆ ಬಂದು ದಕ್ಷಿಣದ ಬಯಲಿನ ಮೇಲೆ ಹರಡಿ, ಮಳೆಯ ನೀರಿನಲ್ಲಿ ನೆನೆದು, ಮೇಲ್ಮಣ್ಣಿನ ಕೆಳಗೆ ಕಲ್ಲಿನಂತೆ ಗಟ್ಟಿಯಾದ ಒಂದು ಪದರವಾಗಿ ಮಾರ್ಪಟ್ಟಿರುವುದರಿಂದ, ಮರಗಳ ಬೇರು ಅಲ್ಲಿ ಆಳಕ್ಕಿಳಿಯಲಾರದು. ಆದರೆ ಅದೇ ಬೂದಿಯ ಸುಣ್ಣ ರಂಜಕಗಳನ್ನು ಹೀರಿ ಬೆಳೆಯುವ ಗಿಡ್ಡ ಹುಲ್ಲು ಹಾಲೂಡುವ ತಾಯಿಪ್ರಾಣಿಗಳಿಗೆ ಅತ್ಯಂತ ಪುಷ್ಟಿಕರವಾದ ಆಹಾರ. ಫೆಬ್ರವರಿಯ ಸುಮಾರಿಗೆ ಎನ್ಡುಟು ಸರೋವರದ ಸುತ್ತಣ ಬಯಲಿನಲ್ಲಿ ವೈಲ್ಡ್‌ಬೀಸ್ಟ್‌ಗಳ ಮಹಾಸಮೂಹವು ನೆರೆದು, ಕೆಲವೇ ವಾರಗಳೊಳಗೆ ಲಕ್ಷಾಂತರ ಕರುಗಳಿಗೆ ಜನ್ಮವೀಯುವುದಕ್ಕೆ ಈ ಹುಲ್ಲೇ ಕಾರಣ. ಮರಗಳಿಲ್ಲದ ನೆಲವಾದುದರಿಂದ ನೋಡುವವನ ಕಣ್ಣಿಗೂ ಅಡ್ಡಿಯಿಲ್ಲ. ಸೆರೆಂಗೆಟಿಯ ಜನಪ್ರಿಯತೆ ಜಾಹೀರಾತಿನಿಂದಲೇ ಬಂದುದೆಂದು ಮೂಗುಮುರಿಯುವವರು ಈ ಭೂಗುಣವನ್ನು ಮರೆಯುತ್ತಾರೆ.

ಇನ್ನೂ ಒಂದು ಸಂಗತಿಯನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ. ನಾವಿಂದು ಅನಾದಿಯೆಂದು ಭಾವಿಸುವ ಆ ಮಹಾಸಮೂಹ ಈಗಿನ ಗಾತ್ರಕ್ಕೆ ಬೆಳೆದದ್ದು ಈಚಿನ ಕಾಲದಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರಿಂಡರ್‌ಪೆಸ್ಟ್ ಎಂಬ ದನಗಳ ಮಹಾಮಾರಿ ಪೂರ್ವ ಆಫ್ರಿಕಕ್ಕೆ ಹಬ್ಬಿ, ಮಾಸಾಯ್ ಜನರ ಗೋಸಂಪತ್ತನ್ನೂ ಕಾಡಿನ ಗೊರಸುಪ್ರಾಣಿಗಳನ್ನೂ ಏಕಕಾಲಕ್ಕೆ ನಾಶಗೊಳಿಸಿತು. ಮುಂದೆ ಸುತ್ತಲ ಹಳ್ಳಿಗಳ ದನಗಳಿಗೆ ಲಸಿಕೆ ಹಾಕಿದ ಫಲವಾಗಿ ಕಾಡುಪ್ರಾಣಿಗಳೂ ಆ ರೋಗದಿಂದ ಮುಕ್ತವಾಗಿ, 1960ರ ದಶಕದ ಆರಂಭದಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ವೈಲ್ಡ್‌ಬೀಸ್ಟ್‌ಗಳು 1970ರ ದಶಕ ಮುಗಿಯುವ ವೇಳೆಗೆ ಹದಿಮೂರು ಲಕ್ಷದಷ್ಟಾದುವು. ಹಳ್ಳಿಯ ಹಸುವಿಗೆ ಚುಚ್ಚಿದ ಮದ್ದು ಕಾಡಿನ ಸಮೃದ್ಧಿಗೆ ಮೂಲವಾದ ಈ ವೃತ್ತಾಂತವನ್ನು ಪ್ರವಾಸದ ಕೈಪಿಡಿಗಳು ಇನ್ನಷ್ಟು ವಿಸ್ತಾರವಾಗಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು! ಸೆರೆಂಗೆಟಿಯ ಕೀರ್ತಿಯನ್ನು ಜಗತ್ತಿಗೆ ಸಾರಿದವರಲ್ಲಿ ಅಗ್ರಗಣ್ಯರಾದ ಜರ್ಮನಿಯ ಬರ್ನ್‌ಹಾರ್ಡ್ ಗ್ರಿಮೆಕ್ ಮತ್ತು ಅವರ ಮಗ ಮೈಕೇಲ್, ಜೀಬ್ರಾದ ಪಟ್ಟೆಗಳನ್ನು ಬಳಿದ ಪುಟ್ಟ ವಿಮಾನದಲ್ಲಿ ಹಾರುತ್ತ ಈ ಹಿಂಡುಗಳನ್ನು ಎಣಿಸಿದರು. 1959ರ ಜನವರಿಯಲ್ಲಿ ರಣಹದ್ದೊಂದು ವಿಮಾನಕ್ಕೆ ಬಡಿದು ಮೈಕೇಲ್ ಅಸುನೀಗಿದರು. ಅವರ ಸಮಾಧಿ ಎನ್‌ಗೊರೊಂಗೊರೊ ಕುಂಡದ ಅಂಚಿನಲ್ಲಿದೆ.

ಹಿಂಡುಗಳು ಮಳೆಯನ್ನೂ ಹುಲ್ಲನ್ನೂ ಅನುಸರಿಸಿ ವರ್ಷವಿಡೀ ಪ್ರದಕ್ಷಿಣೆ ಮಾಡುತ್ತಿರುವುವು: ಮೇ, ಜೂನ್‌ಗಳಲ್ಲಿ ಪಶ್ಚಿಮದ ಗ್ರುಮೆಟಿ ನದಿಯತ್ತ, ಜುಲೈಯಿಂದ ಅಕ್ಟೋಬರ್‌ವರೆಗೆ ಉತ್ತರದ ಮಾರಾ ನದಿಯತ್ತ, ನವೆಂಬರಿನ ಸಣ್ಣಮಳೆ ಬಿದ್ದೊಡನೆ ಮತ್ತೆ ದಕ್ಷಿಣದ ಬಯಲಿಗೆ. ಮೊಸಳೆಗಳು ಹೊಂಚುಹಾಕಿರುವ ಮಾರಾ ನದಿಯನ್ನು ಅವು ದಾಟುವ ದೃಶ್ಯ ಅದ್ಭುತವೇ ಸರಿ. ಆದರೆ ಆಗಸ್ಟ್ ತಿಂಗಳಿನಲ್ಲಿ ನದಿಯ ಕಡವುಗಳಲ್ಲಿ ವಾಹನಗಳ ಸಾಲೇ ನಿಲ್ಲುವುದುಂಟು. ಪ್ರಾಣಿಗಳು ನೀರಿಗಿಳಿಯುವ ದಾರಿಗೇ ವಾಹನಗಳು ಅಡ್ಡಬರುವುದನ್ನು ನಾನು ಅನ್ಯಾಯವೆಂದೇ ಎಣಿಸುತ್ತೇನೆ. ಎನ್‌ಗೊರೊಂಗೊರೊ ಕುಂಡದ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ: ಪುರಾತನ ಜ್ವಾಲಾಮುಖಿಯೊಂದು ಕುಸಿದು ಉಂಟಾದ, ಸುಮಾರು 600 ಮೀಟರು ಆಳದ, 260 ಚದರ ಕಿಲೋಮೀಟರಿನಷ್ಟು ತಳವುಳ್ಳ ಆ ಮಹಾಪಾತ್ರೆಯಲ್ಲಿ ಕಪ್ಪು ಖಡ್ಗಮೃಗವನ್ನು ಕಾಣುವ ಸಂಭವ ಹೆಚ್ಚು, ನೋಡಲು ಬರುವವರ ಸಂಖ್ಯೆಯೂ ಹೆಚ್ಚು.

ಇನ್ನು ದೂರದ ಪ್ರದೇಶ. ಇರಿಂಗಾ ನಗರದಿಂದ ಪಶ್ಚಿಮಕ್ಕೆ ಧೂಳಿನ ದಾರಿಯಲ್ಲಿ ಸಾಗಿದರೆ ರುವಾಹ ರಾಷ್ಟ್ರೀಯ ಉದ್ಯಾನವು ಎದುರಾಗುವುದು. 2008ರಲ್ಲಿ ಉಸಾಂಗು ಜೌಗುಭೂಮಿಯನ್ನು ಸೇರಿಸಿಕೊಂಡಾಗ ಅದರ ವಿಸ್ತಾರ 20,000 ಚದರ ಕಿಲೋಮೀಟರನ್ನು ಮೀರಿತು. ಇಲ್ಲಿ ನೆಲದ ಸ್ವಭಾವವೇ ಬೇರೆ. ಪೂರ್ವ ಆಫ್ರಿಕದ ಜಾಲಿಬಯಲೂ ದಕ್ಷಿಣ ಆಫ್ರಿಕದ ಕಡೆಯಿಂದ ಹಬ್ಬಿಬಂದ ಮಿಯೊಂಬೊ ಎಂಬ ಎಲೆಯುದುರುವ ಕಾಡೂ ಇಲ್ಲಿ ಸಂಧಿಸುವುದರಿಂದ, ಎರಡು ವಲಯಗಳ ಪ್ರಾಣಿಗಳೂ ಒಂದೆಡೆ ಕಾಣಸಿಗುವುವು: ತಿರುಪಿನಂತೆ ಸುತ್ತಿದ ಕೊಂಬುಗಳ ಕುಡು, ಹಿಂದಕ್ಕೆ ಬಾಗಿದ ನೀಳ ಕೊಂಬುಗಳ ಸೇಬಲ್, ನಮ್ಮ ಸೀಳುನಾಯಿಯ ದೂರದ ಬಂಧುವಾದ ಚಿತ್ರವರ್ಣದ ಆಫ್ರಿಕದ ಕಾಡುನಾಯಿ. ಸಿಂಹಗಳ ಸಂಖ್ಯೆಯಲ್ಲಿ ಇಡೀ ಖಂಡದಲ್ಲಿಯೇ ಪ್ರಮುಖವಾದ ನೆಲೆಗಳಲ್ಲಿ ಇದೂ ಒಂದು. ಗುಡ್ಡದ ಇಳಿಜಾರುಗಳಲ್ಲಿ ಬೃಹದಾಕಾರದ ಬಾವೊಬಾಬ್ ಮರಗಳು ನಿಂತಿರುವುವು. ಸವಣೂರಿನ ದೊಡ್ಡಹುಣಸೆಯ ಮರಗಳನ್ನು ನೋಡಿರುವ ಕನ್ನಡಿಗನಿಗೆ ಅವು ಸಂಪೂರ್ಣ ಅಪರಿಚಿತವಲ್ಲ, ಏಕೆಂದರೆ ಆ ಮರಗಳೂ ಆಫ್ರಿಕ ಮೂಲದ ಈ ಜಾತಿಗೇ ಸೇರಿದುವು.

ಆದರೆ ಕಾಡು ತೋರಿಸುವುದಕ್ಕಿಂತ ಮರೆಮಾಡುವುದೇ ಹೆಚ್ಚು. ಸೆರೆಂಗೆಟಿಯಲ್ಲಿ ಒಂದು ಬೆಳಗಿನಲ್ಲಿ ಕಾಣಬಹುದಾದುದನ್ನು ಇಲ್ಲಿ ಕಾಣಲು ಮೂರು ದಿನಗಳೇ ಹಿಡಿಯಬಹುದು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಒಣಕಾಲದಲ್ಲಿ ಎಲೆಗಳುದುರಿ, ನೀರು ಅಲ್ಲಲ್ಲಿ ಗುಂಡಿಗಳಾಗಿ ನಿಂತು, ಆನೆಗಳು ಮ್ವಾಗುಸಿಯ ಒಣಗಿದ ಹೊಳೆಯ ಮರಳನ್ನು ಸೊಂಡಿಲಿನಿಂದಲೂ ಕಾಲಿನಿಂದಲೂ ಬಗೆದು ಒಸರುವ ನೀರನ್ನು ಕುಡಿಯಲು ಬಂದಾಗ, ಆ ನೀರನ್ನೇ ನೆಚ್ಚಿ ಇತರ ಪ್ರಾಣಿಗಳು ಬಂದಾಗ, ಅವುಗಳ ಬೆನ್ನಿಗೇ ಸಿಂಹಗಳು ಬಂದಾಗ, ಒಂದೇ ಎಡೆಯಲ್ಲಿ ಕುಳಿತು ಇಡೀ ದಿನವನ್ನು ಕಳೆಯಬಲ್ಲವನಿಗೆ ಕಾಡು ತನ್ನ ವ್ಯವಹಾರವನ್ನು ಆದ್ಯಂತವಾಗಿ ತೋರಿಸುವುದು. ಬಂದೂಕು ಹಿಡಿದ ಕಾವಲುಗಾರನೊಡನೆ ಕಾಲ್ನಡಿಗೆಯಲ್ಲಿ ಸಂಚರಿಸುವ ಅವಕಾಶವೂ ಇಲ್ಲಿದೆ. ಪೂರ್ವದಲ್ಲಿ ಹಳೆಯ ಸೆಲೂಸ್ ಮೃಗರಕ್ಷಣಾ ಪ್ರದೇಶದ ದೊಡ್ಡ ಭಾಗದಿಂದ 2019ರಲ್ಲಿ ರೂಪುಗೊಂಡ ನ್ಯೆರೆರೆ ಉದ್ಯಾನದಲ್ಲಾದರೆ ರುಫಿಜಿ ನದಿಯ ಮೇಲೆ ದೋಣಿಯಲ್ಲಿ ಕುಳಿತು ನೀರಾನೆಗಳನ್ನು ನೋಡಬಹುದು. ಇನ್ನೂ ದೂರಕ್ಕೆ, ಪಶ್ಚಿಮದ ಕಟಾವಿಗೂ ಟಾಂಗನೀಕ ಸರೋವರದ ದಡದ ಮಹಾಲೆಯ ಚಿಂಪಾಂಜಿಗಳ ಬೆಟ್ಟಗಳಿಗೂ ಹೋಗುವವರು ಅತಿ ವಿರಳ.

ಏಕಾಂತಕ್ಕೆ ಬೆಲೆಯಿದೆ, ಅದೂ ಸಣ್ಣದಲ್ಲ. ಬಿಡಾರಗಳು ಕಡಿಮೆಯಾದುದರಿಂದ ದರ ಹೆಚ್ಚು. ಅನೇಕ ಕಡೆ ಚಿಕ್ಕ ವಿಮಾನವೇ ಗತಿ, ಅದರಲ್ಲಿ ಸಾಮಾನ್ಯವಾಗಿ ಹದಿನೈದು ಕಿಲೋ ಮಾತ್ರ, ಅದೂ ಮೆತ್ತನೆಯ ಚೀಲದಲ್ಲಿ. ಮಿಯೊಂಬೊ ಕಾಡಿನ ಟ್ಸೆಟ್ಸೆ ನೊಣಗಳ ಕಡಿತ ಬಟ್ಟೆಯನ್ನೂ ದಾಟುವುದು. ನೀಲಿ ಕಪ್ಪು ಬಣ್ಣಗಳು ಅವನ್ನು ಆಕರ್ಷಿಸುವುದರಿಂದ ಅಂಥ ಉಡುಪನ್ನು ವರ್ಜಿಸಬೇಕು. ಮಲೇರಿಯದ ಮಾತ್ರೆಯ ಬಗೆಗೆ ವೈದ್ಯರ ಸಲಹೆ ಉತ್ತರ ದಕ್ಷಿಣಗಳೆರಡಕ್ಕೂ ಅವಶ್ಯ. ನೈರೋಬಿಯ ಮೂಲಕ ಹೋಗಿಬರುವ ಭಾರತೀಯರು ಹೊರಡುವುದಕ್ಕೆ ಹತ್ತು ದಿನಗಳಿಗಿಂತ ಮುಂಚೆಯೇ ಹಳದಿಜ್ವರದ ಲಸಿಕೆಯನ್ನು ಸರಕಾರ ಗೊತ್ತುಪಡಿಸಿದ ಕೇಂದ್ರದಲ್ಲಿ ಹಾಕಿಸಿಕೊಂಡು ಪ್ರಮಾಣಪತ್ರವನ್ನು ಜೊತೆಯಲ್ಲಿ ಇಟ್ಟುಕೊಳ್ಳುವುದು ಕ್ಷೇಮ.

ದೂರದ ಕಾಡಿಗೆ ಹೋಗುವುದರಲ್ಲಿ ಮತ್ತೊಂದು ಅರ್ಥವೂ ಇದೆ. ದೊಡ್ಡ ರುವಾಹ ನದಿ ಹಿಂದೆ ವರ್ಷವಿಡೀ ಹರಿಯುತ್ತಿತ್ತು; ಮೇಲ್ಭಾಗದ ಉಸಾಂಗು ಬಯಲಿನಲ್ಲಿ ಭತ್ತದ ನೀರಾವರಿ ವಿಸ್ತರಿಸಿದಂತೆಲ್ಲ, 1993ರಿಂದೀಚೆಗೆ ಒಣಕಾಲದಲ್ಲಿ ಉದ್ಯಾನದೊಳಗೆ ಅದರ ಹರಿವು ನಿಂತುಹೋಗುತ್ತಿದೆ. ಭತ್ತ ಬೆಳೆಯುವ ರೈತನನ್ನು ದೂಷಿಸುವುದು ನನ್ನಿಂದಾಗದು. ಜೌಗುಭೂಮಿಯ ರಕ್ಷಣೆಗಾಗಿ ಅಲ್ಲಿಂದ ಹೊರಹಾಕಲ್ಪಟ್ಟ ದನಗಾಹಿಗಳ ಸಂಕಟವನ್ನೂ ಮರೆಯಲಾಗದು. ಆದರೆ ನೀರಿನ ಹಂಚಿಕೆಯ ಇಂಥ ವಿವಾದದಲ್ಲಿ, ನೋಡಲು ಯಾರೂ ಬಾರದ ಕಾಡಿನ ಪಕ್ಷ ದುರ್ಬಲವಾಗುವುದು ಸಹಜ. ಹಾಗೆಂದು ಉತ್ತರಕ್ಕೆ ಹೋದವನು ದಕ್ಷಿಣಕ್ಕೆ ಏನನ್ನೂ ಕೊಡಲಿಲ್ಲವೆನ್ನುವಂತಿಲ್ಲ. ಸೆರೆಂಗೆಟಿ, ಕಿಲಿಮಂಜಾರೋಗಳಂಥ ಕೆಲವೇ ಉದ್ಯಾನಗಳ ವರಮಾನದಿಂದಲೇ ಆ ದೇಶದ ಇತರ ಉದ್ಯಾನಗಳು ದೀರ್ಘಕಾಲ ಪೋಷಿತವಾದುವು.

ಕೀನ್ಯಾದಲ್ಲಿ ಮಧ್ಯಮಮಾರ್ಗವೊಂದು ಬೆಳೆದುಬಂದಿದೆ. ಮಾಸಾಯ್ ಮಾರಾ ಮೀಸಲು ಪ್ರದೇಶದ ಮಗ್ಗುಲಿನಲ್ಲಿ ಮಾಸಾಯ್ ಕುಟುಂಬಗಳು ತಮ್ಮ ಜಮೀನನ್ನು ಒಟ್ಟುಗೂಡಿಸಿ ವನ್ಯಜೀವಿಗಳಿಗಾಗಿ ಗುತ್ತಿಗೆಗೆ ಕೊಟ್ಟಿರುವುವು; ಅಲ್ಲಿ ಬಿಡಾರಗಳಿಗೂ ವಾಹನಗಳಿಗೂ ಮಿತಿಯಿದ್ದು, ಗುತ್ತಿಗೆಯ ಹಣ ನೆಲದ ಒಡೆಯರಿಗೇ ಸಲ್ಲುವುದು. ಬಯಲಿನ ನೋಟವೂ ಬೇಕು, ಸಂದಣಿಯೂ ಬೇಡ ಎನ್ನುವವರಿಗೆ ಇದಕ್ಕಿಂತ ಉತ್ತಮವಾದುದು ಸುಲಭವಾಗಿ ಸಿಗದು.

ಮೊದಲ ಬಾರಿಗೆ, ಒಂದು ವಾರದ ಅವಕಾಶದಲ್ಲಿ, ಮಕ್ಕಳೊಡನೆ ಹೋಗುವವರಿಗೆ ನಾನು ಸೆರೆಂಗೆಟಿಯನ್ನೇ ಸೂಚಿಸುವೆನು. ಮಾರಾ ನದಿಯ ದಾಟುವಿಕೆಯೊಂದನ್ನೇ ನೆಚ್ಚದೆ ಫೆಬ್ರವರಿಯ ಕರುಹುಟ್ಟಿನ ಕಾಲವನ್ನು ಆರಿಸಿಕೊಳ್ಳಲೆಂಬುದು ನನ್ನ ಒತ್ತಾಯ. ಹತ್ತು ದಿನಗಳನ್ನು ಮೀಸಲಿಡಬಲ್ಲ ತಾಳ್ಮೆಯ ಪ್ರಯಾಣಿಕನು ರುವಾಹವನ್ನೂ ನ್ಯೆರೆರೆಯನ್ನೂ ಕೂಡಿಸಿಕೊಳ್ಳಲಿ. ಒಂದೇ ವಾರದಲ್ಲಿ ಉತ್ತರವನ್ನೂ ದಕ್ಷಿಣವನ್ನೂ ಮುಟ್ಟಿಬರಲು ಹೊರಟರೆ ಅರ್ಧ ಕಾಲ ವಿಮಾನನಿಲ್ದಾಣಗಳಲ್ಲಿಯೇ ಕಳೆದುಹೋಗುವುದು. ನಮ್ಮ ಶಾಲೆಗಳ ರಜೆಯೂ ಈ ನಿರ್ಧಾರದಲ್ಲಿ ಪಾಲು ಕೇಳುವುದು. ಏಪ್ರಿಲ್, ಮೇ ತಿಂಗಳುಗಳು ಅಲ್ಲಿ ದೊಡ್ಡಮಳೆಯ ಕಾಲ. ದಕ್ಷಿಣ ಪಶ್ಚಿಮಗಳ ಬಿಡಾರಗಳಲ್ಲಿ ಬಹುಪಾಲು ಆಗ ಮುಚ್ಚಿರುವುದರಿಂದ, ಬೇಸಗೆ ರಜೆಯಲ್ಲಿಯೇ ಹೊರಡಬೇಕಾದ ಕುಟುಂಬಕ್ಕೆ ಉತ್ತರದ ಬಯಲೊಂದೇ ದಾರಿ, ಆದರೆ ಆಗ ಅಲ್ಲಿಯೂ ಜನ ಕಡಿಮೆ, ದರವೂ ಕಡಿಮೆ. ದಸರೆಯ ರಜೆಗೆ ಕಾಯಬಲ್ಲವರಿಗಾದರೋ ಅದೇ ರುವಾಹದ ಒಣಕಾಲದ ಉತ್ತುಂಗ. ಬಿಡಾರಗಳು ಬೆರಳೆಣಿಕೆಯಷ್ಟೇ ಇರುವುದರಿಂದ ಅವರು ಯುಗಾದಿಯ ವೇಳೆಗೇ ಸ್ಥಳವನ್ನು ಕಾದಿರಿಸಿಕೊಳ್ಳಬೇಕು.